ಪ್ರಶ್ನೆಯಲ್ಲ, ಒಂದು ಅನಿಸಿಕೆ

ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಯಾವ ಪುಸ್ತಕ ಬಿಡುಗಡೆಗೆ ಹೋದರೂ ಎರಡನೇ ಸಾಲಿನ ಅಂಚಿನ ಕುರ್ಚಿಯಲ್ಲಿ ಅವರು ಕೂತಿರುತ್ತಾರೆ. ಉಪ್ಪಿಟ್ಟು, ಕೇಸರಿಬಾತು ಆಗಲೇ ಮುಗಿದಿರುತ್ತದೆ. ಸಂವಾದ ಶುರುವಾದ ಕೂಡಲೇ ಮೈಕು ಅವರ ಕೈಗೆ ಹೇಗೆ ಬಂತೆಂದು ಸಂಘಟಕರಿಗೂ ತಿಳಿಯುವುದಿಲ್ಲ. "ಇದು ಪ್ರಶ್ನೆಯಲ್ಲ, ಒಂದು ಅನಿಸಿಕೆ" ಎಂದು ಅವರು ಗಂಟಲು ಸರಿಮಾಡಿಕೊಂಡರೆ, ವೇದಿಕೆಯ ಮೇಲಿನ ಲೇಖಕರು ನೀರಿನ ಬಾಟಲಿಗೆ ಕೈಹಾಕುತ್ತಾರೆ.

ಓದದೆ ಮಾತಾಡುತ್ತಾರೆ ಎನ್ನುವ ಹಾಗಿಲ್ಲ. ತೊಂದರೆ ಇರುವುದೇ ಅಲ್ಲಿ. ಕಾದಂಬರಿ, ವಿಜ್ಞಾನ, ಕಾವ್ಯ, ಪತ್ತೇದಾರಿ ಯಾವುದನ್ನೂ ಬಿಟ್ಟವರಲ್ಲ. ಬೆನ್ನುಡಿಯಿಂದ ಮುದ್ರಕರ ವಿಳಾಸದವರೆಗೆ ಓದುತ್ತಾರೆ. ಆಡಿಟ್ ಇಲಾಖೆಯಿಂದ ನಿವೃತ್ತರಾದವರು. ಪೆನ್ಸಿಲ್ ಇಲ್ಲದೆ ಪುಸ್ತಕ ತೆರೆದದ್ದಿಲ್ಲ. ಅಂಚಿನ ತುಂಬ ಟಿಕ್ ಗುರುತು, ನಡುನಡುವೆ "ಆಧಾರ?" ಎಂಬ ಷರಾ. ಪುಸ್ತಕ ನಿಮ್ಮದಾಗಿದ್ದರೂ ಅಷ್ಟೇ.

ಯಾವ ಪುಸ್ತಕ ಓದಿದರೂ ಅದು ಇನ್ನೊಂದು ಪುಸ್ತಕವಾಗಲಿಲ್ಲವಲ್ಲ ಎಂಬುದು ಅವರ ಕೊರಗು. ಮೊನ್ನೆ 'ಪರ್ವ' ಮತ್ತೆ ಓದಿದರು. "ಭೈರಪ್ಪನವರು ಕೃಷ್ಣನ ಕೈಲಿ ಒಂದೇ ಒಂದು ಪವಾಡ ಮಾಡಿಸಬಾರದಿತ್ತೇ? ಮಹಾಭಾರತ ಓದಿ ಕೈಮುಗಿಯೋಕೇ ಜಾಗ ಇಲ್ಲ" ಅಂದರು. ಆಮೇಲೆ ಕುಮಾರವ್ಯಾಸನನ್ನು ಕೈಗೆತ್ತಿಕೊಂಡರು. ಅಲ್ಲಿ ಕೈಮುಗಿಯಲು ಜಾಗವೋ ಜಾಗ. ಆದರೆ ದ್ರೌಪದಿಯ ಸೀರೆ ಅಕ್ಷಯವಾದ ಕಡೆ ಪೆನ್ಸಿಲ್ ನಿಂತುಬಿಟ್ಟಿತು. "ಅಷ್ಟೊಂದು ಸೀರೆ! ಸ್ಟಾಕ್ ರಿಜಿಸ್ಟರ್ ಎಲ್ಲಿ ಸ್ವಾಮಿ? ಸ್ವಲ್ಪ ತರ್ಕ ಬೇಡವೇ? ಭೈರಪ್ಪನವರನ್ನು ನೋಡಿ ಕಲಿಯಬೇಕು."

ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಅವರಿಗೆ ಹಿಡಿಸಲಿಲ್ಲ. ಸಸ್ಯಶಾಸ್ತ್ರದ ಪ್ರೊಫೆಸರು ಇಷ್ಟು ನಗಿಸಬಾರದಂತೆ. ಇಷ್ಟೆಲ್ಲ ಗಿಡಮರ ತೋರಿಸಿಯೂ ಸಕ್ಕರೆ ಕಾಯಿಲೆಗೆ ಯಾವುದನ್ನು ಅರೆದು ಕುಡಿಯಬೇಕೆಂದು ಪಟ್ಟಿ ಕೊಡದೇ ಹೋದದ್ದು ಇನ್ನೂ ದೊಡ್ಡ ಲೋಪ. ತೇಜಸ್ವಿಯವರ 'ಕರ್ವಾಲೊ' ಬಗ್ಗೆ ಒಂದೇ ಆಕ್ಷೇಪಣೆ: ಅಷ್ಟು ದೂರ ಕಾಡಿಗೆ ಹೋಗಿ ಹಾರುವ ಓತಿಯನ್ನು ಹಿಡಿಯದೆ ಬರಿಗೈಲಿ ಬಂದದ್ದು. ಗುರಿ ಸಾಧನೆ ಶೂನ್ಯ.

'ಮಲೆಗಳಲ್ಲಿ ಮದುಮಗಳು' ಮುಗಿಸಿದ ರಾತ್ರಿ ಫೋನ್ ಮಾಡಿ, "ಇಷ್ಟು ದಪ್ಪ ಪುಸ್ತಕದಲ್ಲಿ ಮುಖ್ಯ ಪಾತ್ರ ಯಾವುದು ಅಂತಲೇ ಗೊತ್ತಾಗ್ಲಿಲ್ಲ" ಎಂದರು. ಕುವೆಂಪು ಇದಕ್ಕೆ ಕಾದಂಬರಿ ಶುರುವಾಗುವ ಮೊದಲೇ ಉತ್ತರ ಬರೆದಿಟ್ಟಿದ್ದಾರೆ. ಆ ಪುಟದಲ್ಲಿ ಮುದ್ರಣದೋಷ ಇರಲಿಲ್ಲವಾದ್ದರಿಂದ ಇವರ ಗಮನಕ್ಕೆ ಬಂದಿಲ್ಲ.

ವಿವೇಕ ಶಾನಭಾಗರ 'ಘಾಚರ್ ಘೋಚರ್'ನದು ಬೇರೆ ಕಥೆ. ಕೊನೆಯಲ್ಲಿ ಏನಾಯಿತೆಂದು ಇಲ್ಲ, ಹಾಳೆ ಬೈಂಡಿಂಗಿನಲ್ಲಿ ಬಿಟ್ಟುಹೋಗಿದೆ ಎಂದು ರಸೀದಿ ಸಮೇತ ಅಂಗಡಿಗೆ ಹೋದರು. ಪಾಪ, ಅಂಗಡಿಯವರು ಬೇರೆ ಪ್ರತಿ ಕೊಟ್ಟು ಕಳಿಸಿದರು. ಮನೆಗೆ ಬಂದು ನೋಡಿದರೆ ಅದರಲ್ಲೂ ಅಷ್ಟೇ.

2025ರಲ್ಲಿ ಬಾನು ಮುಷ್ತಾಕರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಇಂಗ್ಲಿಷಿನ 'ಹಾರ್ಟ್ ಲ್ಯಾಂಪ್' ತರಿಸಿಕೊಂಡರು. ಕನ್ನಡದಲ್ಲೇ ಓದಬಹುದಿತ್ತಲ್ಲ ಎಂದರೆ, "ಬಹುಮಾನ ಬಂದದ್ದು ಇದಕ್ಕಲ್ಲವೇ?" ಎಂದರು. ದೀಪಾ ಭಾಸ್ತಿ ಅನುವಾದದಲ್ಲಿ ಅಡಿಟಿಪ್ಪಣಿ ಹಾಕಿಲ್ಲ, ಎಷ್ಟೋ ಕನ್ನಡ ಮಾತುಗಳನ್ನು ಹಾಗೆಯೇ ಉಳಿಸಿದ್ದಾರೆ. ಹುಟ್ಟಿದಾಗಿನಿಂದ ಕನ್ನಡವನ್ನೇ ಮಾತಾಡಿಕೊಂಡು ಬಂದ ಈ ಮಹನೀಯರು, "ಅರ್ಥ ಕೊಡದಿದ್ದರೆ ನಮ್ಮಂಥವರ ಗತಿ?" ಎಂದು ಕೇಳುತ್ತಾರೆ.

ಡಿ.ವಿ.ಜಿ.ಯವರ ಕಗ್ಗದ ವಿಷಯದಲ್ಲಿ ಮಾತ್ರ ಅವರು ಅನಿಸಿಕೆ ಹೇಳುವುದಿಲ್ಲ. ದಿನಕ್ಕೊಂದು ಪದ್ಯದಂತೆ ಮುಂಜಾನೆ ಐದಕ್ಕೇ ವಾಟ್ಸಾಪಿಗೆ ಬಿಡುತ್ತಾರೆ. ಒಟ್ಟು 945 ಪದ್ಯ. ಎರಡೂವರೆ ವರ್ಷಕ್ಕೆ ಯೋಚನೆಯಿಲ್ಲ. ನಮಗೆ.

ಹಾಗಾದರೆ ಆಕ್ಷೇಪಣೆಯೇ ಇಲ್ಲದ ಪುಸ್ತಕ ಅವರ ಮನೆಯಲ್ಲಿ ಒಂದೂ ಇಲ್ಲವೇ? ಇದೆ. ಬೀರುವಿನಲ್ಲಿ, ಬೇಂದ್ರೆ, ಕಾರಂತರ ಹಿಂದಿನ ಸಾಲಿನಲ್ಲಿ, ನ್ಯೂಸ್ ಪೇಪರ್ ರಟ್ಟು ಹಾಕಿದ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು. ಪೆನ್ಸಿಲ್ ಗುರುತು ಒಂದೂ ಇಲ್ಲ. ಹುಡುಗರಾಗಿದ್ದಾಗ ಬಾಡಿಗೆ ಲೈಬ್ರರಿಯಿಂದ ತಂದು, ಪಠ್ಯಪುಸ್ತಕದ ನಡುವೆ ಇಟ್ಟುಕೊಂಡು ಓದಿದ್ದಂತೆ. ಪತ್ತೇದಾರ ಪುರುಷೋತ್ತಮನ ಹೆಸರೆತ್ತಿದರೆ ಮುಖ ಅರಳುತ್ತದೆ. "ಅವನು ಯಾವ ಲೆಕ್ಕಾನೂ ಬಾಕಿ ಇಟ್ಟವನಲ್ಲ ಸ್ವಾಮಿ. ಕೊನೇ ಪುಟಕ್ಕೆ ಎಲ್ಲ ಚುಕ್ತಾ." ಬಿಡುಗಡೆ ಸಮಾರಂಭಗಳಲ್ಲಿ ಈ ಮಾತನ್ನು ಅವರು ಒಮ್ಮೆಯೂ ಆಡಿಲ್ಲ.

ಸಾವಿರ ಪ್ರತಿ ಖರ್ಚಾಗಲು ವರ್ಷಗಟ್ಟಲೆ ಕಾಯುವ ಕನ್ನಡದ ಪ್ರಕಾಶಕರಿಗೆ ಇವರು ಬೇಕು. ಗೌರವ ಪ್ರತಿಗೆ ಕೈಚಾಚದೆ ಕೊಂಡು ಓದುತ್ತಾರೆ. ಹತ್ತು ಪರ್ಸೆಂಟ್ ರಿಯಾಯಿತಿ ಕೇಳುತ್ತಾರೆ, ನಿಜ. ಇರಲಿ.

ಓದುಗರಲ್ಲಿ ಒಂದು ಮನವಿ. ನಿಮ್ಮ ಅಟ್ಟದ ಮೇಲೆ ನರಸಿಂಹಯ್ಯನವರ ಹಳೆಯ ಕಾದಂಬರಿಗಳಿದ್ದರೆ ದಯವಿಟ್ಟು ಕೊಟ್ಟು ಪುಣ್ಯ ಕಟ್ಟಿಕೊಳ್ಳಿ. ಇವರ ಬಳಿ ಇರುವ ಒಂದು ಪ್ರತಿಯ ಕೊನೆಯ ಹಾಳೆಗಳು ನಿಜವಾಗಿಯೂ ಗೆದ್ದಲಿನ ಪಾಲಾಗಿವೆ. ಕೊಲೆಗಾರ ಯಾರೆಂದು ತಿಳಿಯದೆ ಅವರಿಗೆ ರಾತ್ರಿ ನಿದ್ದೆಯಿಲ್ಲ. ಅವರಿಗೆ ನಿದ್ದೆ ಬಾರದಿದ್ದರೆ ಫೋನು ಬರುವುದು ನಮಗೆ.