ನಾರಿಕೇಳಪಾಕ ಮೀಮಾಂಸೆ

ಪೀಠಿಕೆ: ‘ಭಾರತೀಯ ಕಾವ್ಯಮೀಮಾಂಸೆ’ ಬರೆದ ತೀ.ನಂ.ಶ್ರೀಯವರ ತೀರ್ಥಪುರ ಇರುವುದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ. ಆದ್ದರಿಂದ ತಿಪಟೂರು, ತುರುವೇಕೆರೆ, ಚಿ.ನಾ.ಹಳ್ಳಿ ಸೀಮೆಯವರಿಗೆಲ್ಲ ರಸವಿಚಾರದ ಹಕ್ಕು ಪಿತ್ರಾರ್ಜಿತ. ಪಹಣಿ ಮಾತ್ರ ಈ ಪ್ರಬಂಧಕಾರನ ಹೆಸರಿಗೆ ಇನ್ನೂ ಆಗಿಲ್ಲ. ಹಾಸ್ಯ, ಭಯಾನಕ, ಶೃಂಗಾರಗಳನ್ನು ಒಂದೇ ಚಿತ್ರದಲ್ಲಿ ಬೆರೆಸುವ, ಬೆಂಗಳೂರಿನವರು ‘ಜಾನರ್ ಮಿಕ್ಸ್’ ಎನ್ನುವ ರಸಸಂಕರವೇ ಇಲ್ಲಿನ ವಿಷಯ.

ಸೂತ್ರ 1: ಕೊಬ್ಬರಿ ಮಾರಿ ತೆಗೆದದ್ದು ಸ್ವತಂತ್ರ ಚಿತ್ರ; ತೋಟ ಮಾರಿ ತೆಗೆದದ್ದು ದುರಂತ ನಾಟಕ.

ವೃತ್ತಿ: ಪವನ್ ಕುಮಾರ್ ಅವರ ‘ಲೂಸಿಯಾ’ (2013) ಜನರಿಂದಲೇ ಮುಂಗಡ ಹಣ ಕೂಡಿಸಿ, ಕನಸು, ಪ್ರೇಮ, ಪತ್ತೇದಾರಿಕೆಗಳನ್ನು ಕಲಸಿದ ಚಿತ್ರ. ಅದನ್ನು ‘ಮುಯ್ಯಿ’ ವರ್ಗಕ್ಕೆ ಸೇರಿಸತಕ್ಕದ್ದು.

ಸೂತ್ರ 2: ಸ್ವತಂತ್ರ ಚಿತ್ರವೂ ಉಂಡೆ ಕೊಬ್ಬರಿಯೂ ಅಟ್ಟದಲ್ಲೇ ಮಾಗುತ್ತವೆ.

ವೃತ್ತಿ: ಕಾಯಿ ಹತ್ತು ಹನ್ನೆರಡು ತಿಂಗಳು ಅಟ್ಟದಲ್ಲಿದ್ದು ನೀರು ಇಂಗಿದರೆ, ತಿರುಳು ಚಿಪ್ಪು ಬಿಟ್ಟು ಒಳಗೇ ಲೊಟಲೊಟ ಎನ್ನುತ್ತದೆ. ಚಿತ್ರಕ್ಕೆ ಥಿಯೇಟರ್ ಸಿಗುವ ಹೊತ್ತಿಗೆ ನಿರ್ಮಾಪಕನ ಜೇಬಿನಲ್ಲಿ ಅಷ್ಟು ಸದ್ದೂ ಉಳಿದಿರುವುದಿಲ್ಲ.

ಪೂರ್ವಪಕ್ಷ: ಕಷ್ಟದಲ್ಲಿ ಅರ್ಥವಾಗುವ ಕಾವ್ಯವನ್ನು ಆಲಂಕಾರಿಕರು ‘ನಾರಿಕೇಳಪಾಕ’ ಎಂದರು. ಸುಲಿಯಲು ಬಾರದವನು ಕಾಯಿಯನ್ನು ದೂರಿದಂತಾಯಿತು. ಇದಕ್ಕಿಂತ ಗಟ್ಟಿ ಆಕ್ಷೇಪ ಪ್ರಬಂಧಕಾರನ ಸೋದರಮಾವನದು. “ಮಾವ, ದೆವ್ವ ಐತೆ, ಲವ್ ಐತೆ, ಕಾಮಿಡಿ ಐತೆ” ಎಂದು ಕತೆ ಒಪ್ಪಿಸಿದರೆ ಅವರು ಕೇಳಿದ್ದು: “ಎಲ್ಲಾ ಸರಿ ಕಣ್ಲಾ, ಮೊಳಕೆ ಯಾವ್ ಕಣ್ಣಲ್ಲಿ ಬತ್ತೈತೆ?”

ಸಿದ್ಧಾಂತ: ಕಾಯಿಗೆ ಕಣ್ಣು ಮೂರು. ಎರಡು ಗಟ್ಟಿ, ಒಂದು ಮೆತ್ತಗೆ. ಮೊಳಕೆ ಬರುವುದು ಆ ಮೆತ್ತನೆಯದರಲ್ಲೇ. ಕೃತಿಯಲ್ಲಿ ರಸ ಎಷ್ಟಿದ್ದರೂ ಅಂಗಿರಸ, ಅಂದರೆ ಪ್ರಧಾನ ರಸ, ಒಂದೇ ಇರಬೇಕೆಂದು ಒಂಬತ್ತನೇ ಶತಮಾನದ ಕಾಶ್ಮೀರದ ಆನಂದವರ್ಧನನೂ ‘ಧ್ವನ್ಯಾಲೋಕ’ದಲ್ಲಿ ಹೇಳಿದ. ಅಲ್ಲಿ ತೆಂಗು ಬೆಳೆಯದ ಕಾರಣ ಪಾಪ, ಉಪಮೆ ಸಿಕ್ಕಲಿಲ್ಲ.

ಉದಾಹರಣೆ: 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಎರಡು ಪ್ರಶಸ್ತಿ ಪಡೆದ ರಾಮ್ ರೆಡ್ಡಿ ಅವರ ‘ತಿಥಿ’. ಮಂಡ್ಯ ಸೀಮೆಯ ಹಳ್ಳಿಯವರೇ ಅದರ ನಟರು. 101 ವರ್ಷದ ಸೆಂಚುರಿ ಗೌಡ ಸತ್ತು ಹನ್ನೊಂದು ದಿನ ತುಂಬುವುದರೊಳಗೆ ಸಾವು, ನಗು, ಜಮೀನಿನ ಮೋಸ, ಕುರಿಗಾಹಿ ಹುಡುಗಿಯ ಹಿಂದೆ ಸುತ್ತುವ ಹರೆಯ, ಎಲ್ಲವೂ ನಡೆದುಹೋಗುತ್ತದೆ. ಅಂಗಿರಸ ಹಾಸ್ಯವೆಂಬುದು ಪಂಡಿತರ ಮತ. ಯಾವುದಕ್ಕೂ ತಲೆಕೆಡಿಸಿಕೊಳ್ಳದೆ ಕುಡಿಯುತ್ತ ಅಲೆಯುವ ಗಡ್ಡಪ್ಪನನ್ನು ಕಂಡಮೇಲೆ ಅದು ಶಾಂತರಸವೆಂಬುದು ನಮ್ಮ ಮತ.

ಫಲಶ್ರುತಿ: ಪ್ರಬಂಧಕಾರನ ಸ್ಕ್ರಿಪ್ಟ್ ಸದ್ಯ ಮಾವನ ಅಟ್ಟದಲ್ಲಿ, ಕಾಯಿರಾಶಿಯ ಮೇಲಿದೆ. ಮಾವ ಆಗಾಗ ಏಣಿ ಹತ್ತಿ, ಕಾಯಿಯ ಜೊತೆಗೆ ಅದನ್ನೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ.

“ಇನ್ನೂ ನೀರೈತೆ ಕಣ್ಲಾ.”