ಸೈಟು ಮಾವ

ಭಟ್ಕಳ, ಹೊನ್ನಾವರ, ಕುಮಟಾದ ಕಡೆ ಜಾಗ ಕೊಳ್ಳುವವರು ಅಡ್ವಾನ್ಸ್ ಕೊಡುವ ಮೊದಲು ಮಾವನೊಬ್ಬನನ್ನು ಜೊತೆಗೆ ಕರೆದೊಯ್ಯುತ್ತಾರೆ. ಇಂಥ ಮಾವ ಊರಿಗೊಬ್ಬರಿದ್ದಾರೆ. ಕೈಯಲ್ಲಿ ಉದ್ದ ಕೊಡೆ, ಬಿಡಿಸುವುದಕ್ಕಲ್ಲ, ಚುಚ್ಚುವುದಕ್ಕೆ.

ದಲ್ಲಾಳಿ ಪಹಣಿ, ಎನ್‌ಎ ಆದೇಶ ಚಾಚುತ್ತಾನೆ. "ಕಾಗದ ವಕೀಲರು ನೋಡ್ತರು, ನೀ ಬದಿಗೆ ಸರಿ" ಎಂದು ಮಾವ ಕೊಡೆ ಚುಚ್ಚುತ್ತಾರೆ. ಅಘನಾಶಿನಿ ದಂಡೆಯಲ್ಲಾದರೆ ಅದು ಅರ್ಧ ಒಳಗೆ. "ಮೇಲೆ ಎರಡು ಲಾರಿ ಕೆಂಪು ಮಣ್ಣು, ಕೆಳಗೆ ಉಪ್ಪುನೀರಿನ ಗಜನಿ ಗದ್ದೆ. ಇಲ್ಲಿ ಕಗ್ಗ ಭತ್ತ ಬೆಳೀತಿತ್ತು. ಉಪ್ಪುನೀರು ಕಗ್ಗ ತಡೀತದೆ ಮಾರಾಯ, ನಿನ್ನ ಪಾಯದ ಕಬ್ಬಿಣ ತಡೀತದನಾ?"

ಹೊನ್ನಾವರದ ಶರಾವತಿ ದಂಡೆಗೆ ಹೋದರೆ ಮಾವ ಜಾಗವನ್ನು ನೋಡುವುದೇ ಇಲ್ಲ. ಪಕ್ಕದ ಮನೆಯ ಜಗುಲಿಯಲ್ಲಿ ಚಾ ಕುಡಿಯುತ್ತ, ಲಿಂಗನಮಕ್ಕಿ ಅಣೆಕಟ್ಟಿನ ಬಾಗಿಲು ತೆಗೆದಾಗ ನೀರು ಎಲ್ಲಿವರೆಗೆ ಬಂದಿತ್ತೆಂದು ಅಜ್ಜಿಯನ್ನು ವಿಚಾರಿಸುತ್ತಾರೆ. ಅಣೆಕಟ್ಟಿನ ಗರಿಷ್ಠ ಮಟ್ಟ 1,819 ಅಡಿ. ಅಜ್ಜಿ ತೋರಿಸುವ ಮಟ್ಟ ಕಿಟಕಿಯ ಕೆಳ ಅಂಚು. ಮಾವನ ಲೆಕ್ಕ ಅಜ್ಜಿಯದು.

ಭಟ್ಕಳದ ಗುಡ್ಡದ ಮೇಲೆ ದಲ್ಲಾಳಿ "ಇಲ್ಲಿಂದ ಸಮುದ್ರ ಕಾಣ್ತದೆ" ಎನ್ನುತ್ತಾನೆ. ಮಾವ ಸಮುದ್ರಕ್ಕೆ ಬೆನ್ನು ಹಾಕಿ, ಜೆಸಿಬಿ ಕಡಿದ ಧರೆಯನ್ನು ನೋಡುತ್ತಾರೆ. ಎಷ್ಟು ಎತ್ತರ? ಮೇಲಿನ ನೀರು ಹರಿಯಲು ಗಟಾರ ಎಲ್ಲಿ? 2022ರ ಆಗಸ್ಟಿನಲ್ಲಿ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಸತ್ತ ಮೇಲೆ ಈ ಪ್ರಶ್ನೆಗೆ ಯಾರೂ ನಗುವುದಿಲ್ಲ.

ಕಟ್ಟಿದ ಮನೆ ಕೊಳ್ಳುವವರ ಪಾಡು ಇನ್ನೂ ಕಷ್ಟ. "ತಾರಸಿ ಮೇಲೆ ತಗಡು ಹಾಕಿಲ್ಲ ಎಂತಕ್ಕೆ?"

"ಕಾಂಕ್ರೀಟ್ ಅಲ್ಲವಾ ಮಾವ?"

"ಹೌದು. ಆದರೆ ಮಳೆಗೆ ಅದು ಗೊತ್ತಿಲ್ಲ."

ವರ್ಷಕ್ಕೆ 3,000 ಮಿಲಿಮೀಟರ್ ದಾಟುವ ಮಳೆಯ ಎದುರು ವಾದ ನಿಲ್ಲುವುದಿಲ್ಲ. ಬಾವಿಯನ್ನು ಮೇ ತಿಂಗಳಲ್ಲಿ ನೋಡಬೇಕು, ಗೋಡೆಯನ್ನು ಜುಲೈಯಲ್ಲಿ ಎಂಬುದು ಮಾವನ ಸಿದ್ಧಾಂತ. ದಲ್ಲಾಳಿಗಳು ಎರಡನ್ನೂ ತೋರಿಸುವುದು ಡಿಸೆಂಬರಿನಲ್ಲಿ: ಬಾವಿ ತುಂಬಿರುತ್ತದೆ, ಗೋಡೆ ಒಣಗಿರುತ್ತದೆ.

"ಐದು ವರ್ಷಕ್ಕೆ ದುಡ್ಡು ಎರಡು ಪಟ್ಟಾಗುತ್ತದಾ?" ಎಂದು ಬೆಂಗಳೂರಿನ ಅಳಿಯ ಕೇಳಿದರೆ, ಮಾವ ಮನೆಗೆ ಬರಬಹುದಾದ ಬಾಡಿಗೆಯಿಂದ ಬಣ್ಣ, ತಗಡು, ತುಕ್ಕು ಹಿಡಿದ ಕಿಟಕಿ ಸರಳುಗಳನ್ನು ಒಂದೊಂದಾಗಿ ಕಳೆಯುತ್ತಾರೆ. ಅಳಿಯ ಬ್ಯಾಂಕಿನ ಠೇವಣಿಗೆ ಮರಳುತ್ತಾನೆ.

ಹೀಗೆ ವ್ಯಾಪಾರ ಮುರಿದು ಮುರಿದು ಒಬ್ಬ ದಲ್ಲಾಳಿ ಕೈಮುಗಿದ: "ಮಾವ, ಯಾವ ಜಾಗ ತಗೊಳ್ಳಬೇಕು, ನೀವೇ ಹೇಳಿಬಿಡಿ."

"ಮಾರಲು ಧಣಿಗೆ ಮನಸ್ಸೇ ಇಲ್ಲದ ಜಾಗ."

ದಲ್ಲಾಳಿಗಳು ಉಪದೇಶವನ್ನು ಶ್ರದ್ಧೆಯಿಂದ ಪಾಲಿಸುತ್ತಿದ್ದಾರೆ. ಈಗ ಯಾವ ಜಾಗ ತೋರಿಸಿದರೂ ಮೊದಲ ಮಾತು, "ಧಣಿಗೆ ಮಾರುವ ಮನಸ್ಸೇ ಇಲ್ಲ ಮಾರಾಯ್ರೆ!" ಗುಂಟೆಯ ದರ ಅಷ್ಟಕ್ಕೇ ಏರಿದೆ.