ಪರಮ ಗೋಪ್ಯ ಪ್ಯಾಚು

ಸೀರಿಯಲ್ ಪೋರ್ಟ್ ಸತ್ತುಹೋಯಿತು ಎನ್ನುವವರು ಲ್ಯಾಪ್‌ಟಾಪಿನ ಬೆನ್ನು ನೋಡಿ ಮಾತಾಡುತ್ತಾರೆ. ಚಿಪ್ಪಿನ ಒಳಗೆ ನೋಡಿ: ಮೊಬೈಲು, ರೌಟರು, ಟಿವಿ ಡಬ್ಬಿ, ಎಲ್ಲೆಲ್ಲೂ ಅದು ಕೂತಿದೆ. ಹೊಸ ಬೋರ್ಡಿಗೆ ಮೊದಲ ಸಲ ಕರೆಂಟು ಕೊಟ್ಟಾಗ, ಪರದೆ ಬೆಳಗುವ ಮೊದಲೇ ಎಂಜಿನಿಯರ್ ಕಿವಿಗೊಡುವುದು ಅದಕ್ಕೇ.

ಅದರ ಕೆಲಸವಾದರೂ ಏನು? ಒಂದರ ಹಿಂದೊಂದು ಬಿಟ್ ಕಳಿಸುವುದು, ಬಂದದ್ದನ್ನು ಈಸಿಕೊಳ್ಳುವುದು. 1981ರ ಐಬಿಎಂ ಪಿಸಿಯ ಸೀರಿಯಲ್ ಕಾರ್ಡಿನಲ್ಲಿದ್ದ 8250 ಚಿಪ್ಪು ಅಷ್ಟನ್ನು ಮಾಡುತ್ತಿತ್ತು. ಆ ಹೆಸರಿನ ಡ್ರೈವರ್ ಲಿನಕ್ಸ್ ಕರ್ನೆಲ್‌ನಲ್ಲಿ ಇವತ್ತಿಗೂ ಇದೆ. ಅದನ್ನೇ ಬಳಸಿ ತೆಪ್ಪಗಿದ್ದರೆ ಚಿಪ್ ಕಂಪನಿಯ ಮಾನ ಉಳಿದೀತೆ? ಒಂದು ರಿಜಿಸ್ಟರನ್ನು ಆಚೆ ತಳ್ಳು, ಒಂದು ಬಿಟ್‌ನ ಅರ್ಥ ತಿರುಗಿಸು, 'ನಮ್ಮದೇ ಹೊಸ ವಿನ್ಯಾಸ' ಎಂದು ಡಂಗುರ ಹೊಡೆಸು. ಹೆತ್ತವರಿಗೆ ಹೆಗ್ಗಣ ಮುದ್ದು. ಸಾಕುವ ಭಾರ ಮಾತ್ರ ಊರಿನದು.

ಈ ಹೆಗ್ಗಣಕ್ಕೆ ಡ್ರೈವರ್ ಬರೆಯುವ ಕೆಲಸ ಬೆಂಗಳೂರಿನ ಹೊರವರ್ತುಲ ರಸ್ತೆಯ ಗಾಜಿನ ಕಟ್ಟಡವೊಂದಕ್ಕೆ ಬರುತ್ತದೆ ಅನ್ನಿ. ಕರ್ನೆಲ್‌ಗೆ ಸೇರಬೇಕಾದ ಬದಲಾವಣೆಯನ್ನು, ಅಂದರೆ ಪ್ಯಾಚನ್ನು, ಸಾದಾ ಪಠ್ಯದ ಮಿಂಚಂಚೆಯಲ್ಲೇ ಕಳಿಸಬೇಕು. ಕಂಪನಿಯ ಮೇಲ್ ಸರ್ವರ್ ಟ್ಯಾಬ್‌ಗಳನ್ನೆಲ್ಲ ಸ್ಪೇಸ್ ಮಾಡಿಡುತ್ತದೆ. ಪ್ಯಾಚು ಕೂರುವುದೇ ಇಲ್ಲ. ಅದು ಸಾಲದೆಂದು ಕೆಳಗೆ ಕಾನೂನು ವಿಭಾಗದ ಷರಾ: 'ಇದು ಗೋಪ್ಯ. ನಿಮಗಲ್ಲದಿದ್ದರೆ ಕೂಡಲೇ ಅಳಿಸಿ.' ಜಿಪಿಎಲ್ ಪರವಾನಗಿಯಡಿ ಲೋಕಕ್ಕೆಲ್ಲ ಹಂಚಬೇಕಾದ ಕೋಡು, ಸ್ವಾಮಿ! ಕರ್ನೆಲ್‌ನ ಟಿಟಿವೈ (ಟರ್ಮಿನಲ್) ಮತ್ತು ಸೀರಿಯಲ್ ವಿಭಾಗ ನೋಡಿಕೊಳ್ಳುವ ಮೇಂಟೇನರ್ ಗ್ರೆಗ್ ಕ್ರೋವಾ-ಹಾರ್ಟ್‌ಮನ್ ಬಲು ವಿಧೇಯರು. ಅಳಿಸಿದ್ದೇನೆ ಎಂದೇ ಉತ್ತರ ಬರೆಯುತ್ತಾರೆ.

ಷರಾ ಕಿತ್ತರೆ ತಕರಾರು ಶುರು. ಟ್ಯಾಬ್ ಎಂಟು ಅಕ್ಷರ ಅಗಲ ಇರಲಿ. ಏನು ಬದಲಿಸಿದಿರಿ ಸರಿ, ಏಕೆ ಬದಲಿಸಿದಿರಿ? ಒಂದೇ ಪ್ಯಾಚಿನಲ್ಲಿ ಮೂರು ಕೆಲಸ ಏಕೆ, ಒಡೆಯಿರಿ. ಐದನೇ ಆವೃತ್ತಿಗೆ ನಿಜವಾದ ಪ್ರಶ್ನೆ ಬರುತ್ತದೆ: ಇದನ್ನು 8250 ಡ್ರೈವರ್‌ನಲ್ಲೇ ಮಾಡಲಾಗದೆ? ಉತ್ತರ ಬಲ್ಲ ಹಾರ್ಡ್‌ವೇರ್ ಎಂಜಿನಿಯರ್ ಅಷ್ಟರಲ್ಲಿ ಬೇರೆ ಕಂಪನಿ ಸೇರಿರುತ್ತಾನೆ. ಹೊಸ ಕೋಡನ್ನು ಕರ್ನೆಲ್‌ಗೆ ಸೇರಿಸಿಕೊಳ್ಳುವ ಮರ್ಜ್ ವಿಂಡೋ ತಪ್ಪುತ್ತದೆ, ಮುಂದಿನದಕ್ಕೆ ಎರಡು ತಿಂಗಳು. 'ಹತ್ತು ಸಾಲಿಗೆ ಇಷ್ಟು ದಿನವೇನ್ರೀ?' ಎಂದು ಮ್ಯಾನೇಜರ್ ಗದರುತ್ತಾನೆ. (ಪಕ್ಕದ ಮೇಜಿನವನು ಕಾಮೆಂಟಿನಲ್ಲೊಂದು ಕಾಗುಣಿತ ತಿದ್ದಿ, ರೆಸ್ಯೂಮೆಯಲ್ಲಿ 'ಕರ್ನೆಲ್ ಡೆವಲಪರ್' ಎಂದು ಆಗಲೇ ಬರೆದುಕೊಂಡಿದ್ದಾನೆ. ಅಪ್ರೈಸಲ್ ಅವನದೇ.)

ಆದರೂ ಕಿರಿಕಿರಿ ಮಾಡುವ ಮೇಂಟೇನರನ ಪರ ನಾನು. 8250ರ ವಂಶದ ಮೊದಲ 16550 ಚಿಪ್ಪಿನ ಬಫರು ಕೆಟ್ಟಿತ್ತು, 16550ಎ ಅದನ್ನು ಸರಿಪಡಿಸಿತು. ಎರಡನ್ನೂ ಬೇರೆ ಬೇರೆಯಾಗಿ ಗುರುತಿಸುವ ಕೋಡನ್ನು ಕರ್ನೆಲ್ ಇನ್ನೂ ಹೊತ್ತಿದೆ. ಚಿಪ್ಪು ಮಾರಿದವರು ಲಾಭ ಎಣಿಸಿ, ತಂಡ ಬರ್ಖಾಸ್ತು ಮಾಡಿ ಹೊರಡುತ್ತಾರೆ. ಡ್ರೈವರ್ ಎಲ್ಲಿಗೂ ಹೊರಡುವುದಿಲ್ಲ.

ಚಿಪ್ ದೊರೆಗಳೇ, ಮುಂದಿನ ಸಲವಾದರೂ ರಿಜಿಸ್ಟರುಗಳನ್ನು ಇದ್ದಲ್ಲೇ ಇರಲು ಬಿಡಿ. ಅದು ಆಗದಿದ್ದರೆ, ಡ್ರೈವರ್ ಬರೆದವನ ಸಂಬಳವನ್ನಾದರೂ ಚಿಪ್ಪು ಮಾರಾಟವಾದ ಮೇಲೂ ಕೊಡಿ.